ಸೆರಗಿನ ಗಂಟು

ನಮ್ಮ ಕರಾವಳಿಯ ಚರಿತ್ರೆಯನ್ನು ಬರೆದವರು ಸ್ತ್ರೀಯರನ್ನು ಮರೆತೇಬಿಟ್ಟರೆಂದು ದೂರಿದರೆ ಅದು ಅನ್ಯಾಯವಾದೀತು. ಪೋರ್ತುಗೀಜರಿಂದ ಮೆಣಸಿನ ರಾಣಿಯೆಂದು ಕರೆಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಯಥೋಚಿತವಾದ ಗೌರವದಿಂದಲೇ ಸ್ಮರಿಸಿದ್ದಾರೆ. ಘಟ್ಟದ ಮೇಲಣ ಕಿತ್ತೂರಿನ ಚೆನ್ನಮ್ಮನ ಕಥೆಯಂತೂ ಲಾವಣಿಯಾಗಿ ಮನೆಮನೆಗೂ ಮುಟ್ಟಿದೆ. ಆದರೆ ಸಿಂಹಾಸನವಾಗಲಿ ಖಡ್ಗವಾಗಲಿ ಇಲ್ಲದ, ಪಡಿತರ ಚೀಟಿಯಲ್ಲಿ ಹೊರತು ಬೇರೆಲ್ಲಿಯೂ ಹೆಸರು ದಾಖಲಾಗದ, ಬೆಳಗಾದರೆ ಬುಟ್ಟಿ ಹೊತ್ತು ಪೇಟೆಗೆ ನಡೆಯುವ ಇಲ್ಲವೆ ಒಲೆಯ ಮುಂದೆ ಕೂರುವ ಸಾಮಾನ್ಯ ಸ್ತ್ರೀಯು ತನ್ನ ಮೇಲಣ ಕಟ್ಟುಪಾಡುಗಳನ್ನು ಎಂದಾದರೂ ಮೀರಿದ್ದುಂಟೆ, ಮೀರಿದ್ದರೆ ಹೇಗೆ ಮೀರಿದಳು, ಹಾಗೆ ಮೀರಿದುದರಿಂದ ಅವಳಿಗೆ ದೊರೆತದ್ದೇನು ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ವಿರಳ. ಮಾಜಾಳಿಯಿಂದ ಗಂಗಾವಳಿಯ ದಂಡೆಯವರೆಗೆ, ಎಂದರೆ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಮಟ್ಟಿಗೆ, ಈ ಪ್ರಶ್ನೆಯನ್ನು ಸ್ಥೂಲವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ಈ ಎರಡು ತಾಲೂಕುಗಳು ವಿಸ್ತಾರದಲ್ಲಿ ಅಲ್ಪವಾದರೂ ಇಲ್ಲಿ ನೆಲಸಿರುವ ಜನವರ್ಗಗಳು ಅನೇಕ. ಸಮುದ್ರವನ್ನು ನಂಬಿದ ಖಾರ್ವಿಗಳು, ಹರಿಕಾಂತರು, ಗಾಬೀತರು, ಅಂಬಿಗರು. ಮಣ್ಣನ್ನು ನಂಬಿದ ಹಾಲಕ್ಕಿ ಒಕ್ಕಲಿಗರು, ನಾಡವರು, ಕೋಮಾರಪಂತರು, ನಾಮಧಾರಿಗಳು. ಲೇಖನಿಯನ್ನು ನಂಬಿದ ಸಾರಸ್ವತರು. ಇವರೆಲ್ಲರೂ ಕೂಗಳತೆಯ ದೂರದಲ್ಲಿ ಬಾಳಿಬಂದರೂ ಸ್ತ್ರೀಯರಿಗೆ ವಿಧಿಸಿದ ನಿಯಮಗಳು ಕೇರಿಯಿಂದ ಕೇರಿಗೆ ಬೇರೆಯಾಗಿದ್ದವು. ಗಂಡಸರು ಕುಳಿತ ಜಗಲಿಯನ್ನು ದಾಟಿ ಹೋಗುವುದಕ್ಕೂ ಸೊಸೆಯಾದವಳು ಹಿಂಜರಿಯಬೇಕಾಗಿದ್ದ ದೊಡ್ಡ ಮನೆಗಳಲ್ಲಿ, ಅದೇ ಜಗಲಿಯ ಮೆಟ್ಟಿಲ ಮೇಲೆ ಮೀನಿನ ಬುಟ್ಟಿ ಇಳಿಸಿ ಕಾಲು ಚಾಚಿ ಕುಳಿತ ಖಾರ್ವಿ ಹೆಂಗಸು ಮನೆಯ ಯಜಮಾನನೊಡನೆ ಎರಡು ಕಾಸಿಗಾಗಿ ಕಾಲು ಗಂಟೆ ಜಗಳವಾಡುತ್ತಿದ್ದಳು, ಮತ್ತು ಅದರಲ್ಲಿ ಯಾರಿಗೂ ವಿಶೇಷವೇನೂ ಕಾಣುತ್ತಿರಲಿಲ್ಲ. ಒಳಗಿನವಳಿಗೆ ಅಪರಾಧವೆನಿಸಿದ್ದು ಹೊರಗಿನವಳಿಗೆ ನಿತ್ಯದ ಕಸುಬು. ಆದಕಾರಣ ಒಂದು ಕೃತ್ಯವನ್ನು ಹೊರಗಿನಿಂದ ನೋಡಿ ಇದು ಬಂಡಾಯ, ಇದು ವಿಧೇಯತೆ ಎಂದು ನಿರ್ಣಯಿಸುವಂತಿಲ್ಲ. ಅದನ್ನು ಬೇಡವೆಂದವರು ಯಾರು, ಬೇಡವೆಂದ ಮೇಲೂ ಮಾಡಿದವಳು ತೆತ್ತ ಬೆಲೆ ಎಷ್ಟು ಎಂಬೆರಡನ್ನು ವಿಚಾರಿಸಿದ ಹೊರತು ಈ ಸಮೀಕ್ಷೆ ಒಂದು ಹೆಜ್ಜೆಯೂ ಮುಂದೆ ಸಾಗದು.

ಹಣದ ವಿಚಾರದಿಂದ ಪ್ರಾರಂಭಿಸೋಣ. ಸ್ವಾತಂತ್ರ್ಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದನ್ನು ಕೊನೆಗೆ ನೂಕುತ್ತಾರೆ. ಬೈತಖೋಲದ ಬಂದರಿನಲ್ಲಿ ದೋಣಿಯೂ ಬಲೆಯೂ ಗಂಡಸರವು. ಆದರೆ ಮೀನು ದಡಕ್ಕೆ ಬಿದ್ದ ಮೇಲೆ ಅದರ ಬಹುಪಾಲು ಯೋಗಕ್ಷೇಮ ಹೆಂಗಸರದು. ಬೆಳಗಿನ ಹರಾಜಿನಲ್ಲಿ ಗಂಡಸರ ನಡುವೆ ನುಗ್ಗಿ ಬುಟ್ಟಿಗೆ ಬೆಲೆ ಕೂಗುವವಳು ಅವಳು, ಕೈಯಲ್ಲಿ ರೊಕ್ಕವಿಲ್ಲದಿದ್ದರೆ ಸಂಜೆಯ ವಾಯಿದೆಗೆ ಮಾತು ಕೊಟ್ಟು ಎತ್ತುವವಳು ಅವಳು. ಪೇಟೆಗೆ ಬಂದು ಬಂಗಡೆಯನ್ನು ತಕ್ಕಡಿಗೆ ಹಾಕದೆ ಪಾಲು ಪಾಲಾಗಿ ಹರಡಿ ಕುಳಿತಳೆಂದರೆ, ಇಡೀ ಜಿಲ್ಲೆಗೆ ಆಜ್ಞಾಪತ್ರಗಳನ್ನು ಹೊರಡಿಸುವ ಕಚೇರಿಗಳ ಸಿಬ್ಬಂದಿ ಅವಳ ಮುಂದೆ ಚೀಲ ಹಿಡಿದು ಬಗ್ಗಿ ನಿಲ್ಲುತ್ತಾರೆ. ಒಬ್ಬ ಗೃಹಸ್ಥರು ಮೀನಿನ ತಾಜಾತನವನ್ನು ಪರೀಕ್ಷಿಸಲೆಂದು ಪಾಲಿನೊಳಗಿನ ಒಂದೊಂದೇ ಬಂಗಡೆಯ ಕಿವಿರನ್ನು ಬೆರಳಿನಿಂದ ಎತ್ತಿ ನೋಡುತ್ತ ಹೋದಾಗ, ಆ ಹೆಂಗಸು ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, ಕಿವಿರು ನೋಡುವುದಾದರೆ ಬಂದರಕ್ಕೇ ಹೋಗಿ ನೋಡಿ, ಇಲ್ಲಿ ಮೀನು ಕೊಳ್ಳುವವರು ಮಾತ್ರ ನಿಲ್ಲಬೇಕು ಎಂದುದನ್ನು ನಾನು ಕೇಳಿದ್ದೇನೆ. ಗೃಹಸ್ಥರು ಮರುಮಾತಿಲ್ಲದೆ ಹಣ ಕೊಟ್ಟರು; ಮೇಲೆ ಎರಡು ಮೀನು ಕೊಸರು ಕೇಳುವ ಧೈರ್ಯವೂ ಅವರಿಗಾಗಲಿಲ್ಲ.

ಆದರೆ ಈ ಗಟ್ಟಿ ಧ್ವನಿಯನ್ನೇ ಸ್ವಾತಂತ್ರ್ಯವೆಂದು ಭಾವಿಸುವುದು ಪೇಟೆಯನ್ನು ದೂರದಿಂದ ನೋಡುವವರು ಮಾಡುವ ತಪ್ಪು. ಧ್ವನಿ ಅವಳ ಕಸುಬಿನ ಉಪಕರಣ. ಅದಿಲ್ಲದಿದ್ದರೆ ಮೀನು ಕೊಳೆಯುತ್ತದೆ. ಅವಳ ಸ್ವಾತಂತ್ರ್ಯವನ್ನು ಹುಡುಕಬೇಕಾದುದು ದಿನದ ವ್ಯಾಪಾರ ಮುಗಿದು ಬುಟ್ಟಿ ತೊಳೆದಿಟ್ಟ ಮೇಲೆ, ನೋಟುಗಳನ್ನು ಎಣಿಸಿ, ಹರಾಜಿನ ಬಾಕಿಯನ್ನು ಬೇರೆ ತೆಗೆದು, ಮನೆಯ ಖರ್ಚಿನದನ್ನು ಸೊಂಟದ ಸಂಚಿಗೆ ಸೇರಿಸಿ, ಉಳಿದ ಒಂದೆರಡು ನೋಟುಗಳನ್ನು ಸುರುಳಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕುವ ಕ್ಷಣದಲ್ಲಿ. ಆ ಗಂಟಿಗೆ ಲೆಕ್ಕವಿಲ್ಲ. ಅದರಿಂದ ಮಗಳ ಕಾಲೇಜಿನ ಶುಲ್ಕ ಕಟ್ಟಿದ್ದುಂಟು, ಚೀಟಿಯ ಕಂತು ಹೋದದ್ದುಂಟು, ಅತ್ತೆಗೆ ತಿಳಿಯದಂತೆ ತವರಿನ ತಮ್ಮನಿಗೆ ನೆರವಾದದ್ದುಂಟು. ಹೊರಗಿನ ದುಡಿಮೆಯಿಲ್ಲದ ಮನೆಯೊಡತಿಯ ಸಾಸಿವೆ ಡಬ್ಬಿ ಇದೇ ಗಂಟಿನ ಒಳಮನೆಯ ರೂಪ. ಗಂಡಂದಿರಿಗೆ ಇದು ತಿಳಿಯದೆಂದೇನೂ ಇಲ್ಲ; ತಿಳಿದೂ ತಿಳಿಯದಂತಿರುವುದು ಅನೇಕ ಸಂಸಾರಗಳಲ್ಲಿ ಬಾಯಿಬಿಟ್ಟು ಆಡದ ಒಪ್ಪಂದ. ಇನ್ನೊಂದು ಸಂಗತಿಯನ್ನೂ ಮರೆಮಾಚಬಾರದು. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನಗಳಲ್ಲಿ, ಬೇಸಗೆಯಲ್ಲಿ ಒಣಗಿಸಿಟ್ಟ ಮೀನು ಮುಗಿಯುತ್ತ ಬಂದಾಗ, ಈ ಗುಟ್ಟಿನ ಗಂಟುಗಳೇ ಒಂದೊಂದಾಗಿ ಬಿಚ್ಚಿಕೊಂಡು ಮನೆಯ ಒಲೆ ಉರಿಸುತ್ತವೆ. ಆಕೆ ತನಗಾಗಿ ಬಚ್ಚಿಟ್ಟದ್ದು ಕಡೆಗೆ ಎಲ್ಲರ ಹೊಟ್ಟೆಗೆ ಹೋಗುತ್ತದೆ. ಹಾಗೆ ಹೋಗುವಾಗಲೂ ಅದು ಎಷ್ಟಿತ್ತೆಂದು ಆಕೆ ಹೇಳುವುದಿಲ್ಲ. ಆ ಹೇಳದಿರುವಿಕೆಯಷ್ಟೇ ಅವಳ ಪಾಲಿಗೆ ಉಳಿದ ಆಸ್ತಿ.

ವಿಧೇಯತೆಯ ಒಳಗೇ ಅವಿಧೇಯತೆಯನ್ನು ಇರಿಸಿಕೊಳ್ಳುವ ಈ ಕಲೆ ಕನ್ನಡದ ಹೆಂಗಸರಿಗೆ ಹೊಸತಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳಾಗಿದ್ದ ಹೊನ್ನಮ್ಮ, ಪತಿವ್ರತೆಯ ಕರ್ತವ್ಯಗಳನ್ನೇ ವಸ್ತುವಾಗಿಟ್ಟುಕೊಂಡು ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿ, ಯಾರೂ ಆಕ್ಷೇಪಿಸಲಾರದ ಆ ಉಪದೇಶದ ನಡುವೆ ಹೆಣ್ಣನ್ನು ಹೀನವಾಗಿ ಕಾಣುವವರನ್ನು ತರಾಟೆಗೆ ತೆಗೆದುಕೊಂಡಳು. ಗ್ರಂಥದ ಮೈಯೆಲ್ಲ ಧರ್ಮಶಾಸ್ತ್ರ, ನಡುವೆ ಕೆಲವೇ ಪದ್ಯಗಳಲ್ಲಿ ಪ್ರತಿಭಟನೆ. ಇಂದು ಜನರು ನೆನಪಿಟ್ಟಿರುವುದು ಆ ಕೆಲವು ಪದ್ಯಗಳನ್ನೇ.

ಉಡುಗೆಯ ವಿಷಯಕ್ಕೆ ಬಂದರೆ ಕಾರವಾರ-ಅಂಕೋಲೆಗಳು ಕೊಡುವ ನಿದರ್ಶನಗಳು ಬೇರೆಲ್ಲಿಯೂ ಒಟ್ಟಾಗಿ ಸಿಕ್ಕಲಾರವೆಂದು ನನಗೆ ತೋರುತ್ತದೆ. 1883ರ ಸುಮಾರಿಗೆ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಠಾಕೂರರು. ಅವರ ತಮ್ಮ ರವೀಂದ್ರನಾಥರು ಇಲ್ಲಿಗೆ ಬಂದು ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದ ಸಂಗತಿಯನ್ನು ಊರಿನವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ, ಕಡಲತೀರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ನ್ಯಾಯಾಧೀಶರ ಪತ್ನಿ ಜ್ಞಾನದಾನಂದಿನಿ ದೇವಿಯವರನ್ನು ನೆನೆಯುವವರು ಮಾತ್ರ ಕಡಮೆ. ಬಂಗಾಳದ ಅಂತಃಪುರದಲ್ಲಿ ಬೆಳೆದು 1864ರಲ್ಲಿ ಗಂಡನೊಡನೆ ಮುಂಬಯಿ ಪ್ರಾಂತಕ್ಕೆ ಬಂದ ಆ ತರುಣಿಗೆ, ತಾನು ಉಟ್ಟ ಒಂದೇ ಸುತ್ತಿನ ಸೀರೆ ಮನೆಯ ಒಳಗಿರಲಿಕ್ಕಷ್ಟೇ ಯೋಗ್ಯವಾದುದು, ಅದನ್ನು ಉಟ್ಟುಕೊಂಡು ಹೊಸ್ತಿಲು ದಾಟುವುದು ಅಸಾಧ್ಯವೆಂಬುದು ಅರಿವಾಯಿತು. ಪಾರಸಿ ಸ್ತ್ರೀಯರು ಉಡುವ ಬಗೆಯನ್ನು ನೋಡಿ, ಕುಪ್ಪಸ ಮತ್ತು ಲಂಗದೊಡನೆ ಸೀರೆಯನ್ನು ನೆರಿಗೆ ಹಿಡಿದು ಉಡುವ ಒಂದು ಪದ್ಧತಿಯನ್ನು ರೂಪಿಸಿಕೊಂಡರು. 1877ರಲ್ಲಿ ಗಂಡನಿಲ್ಲದೆ ಪುಟ್ಟ ಮಕ್ಕಳೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದ ಧೈರ್ಯಕ್ಕಿಂತಲೂ ಈ ಕುಪ್ಪಸದ ಧೈರ್ಯವೇ ದೂರ ಸಾಗಿತು. ಇಂದು ದೇಶದ ಅಸಂಖ್ಯ ಸ್ತ್ರೀಯರು ಉಡುವ ಸೀರೆಯ ರೀತಿಗೆ ಅದರಲ್ಲಿ ಮೂಲವಿದೆ.

ನ್ಯಾಯಾಧೀಶರ ಪತ್ನಿಗೆ ಕುಪ್ಪಸವು ಹೊರಗೆ ಹೋಗುವ ರಹದಾರಿಯಾಗಿದ್ದರೆ, ಅದೇ ಜಿಲ್ಲೆಯ ಹಾಲಕ್ಕಿ ಸ್ತ್ರೀಗೆ ಕುಪ್ಪಸವಿಲ್ಲದಿರುವುದೇ ತನ್ನತನವಾಗಿತ್ತು. ಕುತ್ತಿಗೆಯಿಂದ ಎದೆಯವರೆಗೆ ಹೊರೆಹೊರೆಯಾಗಿ ಇಳಿಬಿದ್ದ ಕರಿಮಣಿ ಸರಗಳು, ಹೆಗಲ ಮೇಲೆ ಹಾದು ಬಂದು ಬಿಗಿಯಾಗಿ ಕಟ್ಟಿದ ಮೊಣಕಾಲುದ್ದದ ಸೀರೆ, ಮುಡಿಯಲ್ಲಿ ಹೂವು. ಗದ್ದೆಯ ಕೆಸರಿಗೂ ಕಾಡಿನ ಕಡಿದಾದ ಹಾದಿಗೂ ಹೇಳಿ ಮಾಡಿಸಿದ ಈ ಉಡುಗೆಯನ್ನು ಪೇಟೆಯ ನಾಗರಿಕರು ಒಂದು ಶತಮಾನ ಕಾಲ ಮೊದಲು ನಗುವಿನಿಂದಲೂ, ಆಮೇಲೆ ಉಪದೇಶದಿಂದಲೂ, ಕಡೆಗೆ ಕ್ಯಾಮೆರಾದಿಂದಲೂ ಪೀಡಿಸಿದರು. ಗೌಡ್ತಿಯರು ತಲೆಗೆ ಹಚ್ಚಿಕೊಳ್ಳಲಿಲ್ಲ. 2021ರ ನವೆಂಬರಿನಲ್ಲಿ, ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದುಡಿದ ಹೊನ್ನಳ್ಳಿಯ ಹಾಲಕ್ಕಿ ಸ್ತ್ರೀ ತುಳಸಿ ಗೌಡರು ರಾಷ್ಟ್ರಪತಿ ಭವನದ ರತ್ನಗಂಬಳಿಯ ಮೇಲೆ ಬರಿಗಾಲಿನಲ್ಲಿ, ಅದೇ ಮಣಿಸರ, ಅದೇ ಸೀರೆಯ ಕಟ್ಟಿನಲ್ಲಿ ನಡೆದು ಪದ್ಮಶ್ರೀಯನ್ನು ಸ್ವೀಕರಿಸಿದಾಗ ದೇಶವೆಲ್ಲ ಬೆರಗಾಯಿತು. ಹೊನ್ನಳ್ಳಿಯಲ್ಲಿ ಬೆರಗಾಗಲು ಕಾರಣವಿರಲಿಲ್ಲ. ದಿಲ್ಲಿಗೆಂದು ಬೇರೆ ವೇಷ ಹಾಕಿದ್ದರೆ ಆಗ ಅವರು ಬೆರಗಾಗುತ್ತಿದ್ದರು.

ಈಗ ತಿರುವಾಂಕೂರಿನ ಕಡೆಗೆ ಒಮ್ಮೆ ತಿರುಗಿ ನೋಡಬೇಕು. ಅಲ್ಲಿ ಕೆಳಗಿನವರೆನಿಸಿದ ನಾಡಾರ್ ಸ್ತ್ರೀಯರು ಮೇಲ್ವಸ್ತ್ರ ಧರಿಸುವ ಹಕ್ಕಿಗಾಗಿ ದಶಕಗಳ ಕಾಲ ಹೊಡೆತ ಬಡಿತಗಳನ್ನು ಸಹಿಸಿ ಹೋರಾಡಿ, 1859ರಲ್ಲಿ ರಾಜಾಜ್ಞೆಯಿಂದ ಅದನ್ನು ಒಂದು ಮಟ್ಟಿಗೆ ಪಡೆದುಕೊಂಡರು. ಒಂದೆಡೆ ಎದೆಯನ್ನು ಮುಚ್ಚಿದುದು ಬಂಡಾಯ. ಇನ್ನೊಂದೆಡೆ ಮುಚ್ಚಬೇಕೆಂಬ ಒತ್ತಾಯಕ್ಕೆ ಮಣಿಯದಿದ್ದುದು ಬಂಡಾಯ. ಮತ್ತೊಂದೆಡೆ ಮುಚ್ಚಿಕೊಂಡು ಹೊಸ್ತಿಲು ದಾಟಿದುದು ಬಂಡಾಯ. ಒಂದೂವರೆ ಮೊಳ ಬಟ್ಟೆಯ ಈ ಮೂರು ಕಥೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದವನು, ಸ್ತ್ರೀಯ ಉಡುಗೆಯಿಂದ ಅವಳ ಸ್ವಾತಂತ್ರ್ಯವನ್ನು ಅಳೆಯಲು ಹೊರಡುವ ಎರಡೂ ಪಕ್ಷದ ಪಂಡಿತರಿಗೆ ದೂರದಿಂದಲೇ ಕೈಮುಗಿದಾನು. ಇಂದಿನ ಹಾಲಕ್ಕಿ ಹುಡುಗಿಯರು ಬಹುಪಾಲು ಕುಪ್ಪಸವನ್ನೂ ಚೂಡಿದಾರವನ್ನೂ ತೊಡುತ್ತಾರೆ; ಪರಂಪರೆ ನಶಿಸಿತೆಂದು ಮರುಗುವವರು ಅಜ್ಜಿಯ ಹಟವೂ ಮೊಮ್ಮಗಳ ಹಟವೂ ಒಂದೇ ಬೇರಿನವೆಂಬುದನ್ನು ಗಮನಿಸಿದಂತಿಲ್ಲ.

ಉಡುಗೆಯ ಮಾತು ಬಂದಾಗ ನೈಟಿಯನ್ನು ಬಿಟ್ಟುಬಿಡುವುದು ಅಪ್ರಾಮಾಣಿಕತೆ. ಇಂಥ ಗಂಭೀರ ಲೇಖನದಲ್ಲಿ ಆ ವಸ್ತ್ರಕ್ಕೆ ಸ್ಥಾನವೇಕೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಕರಾವಳಿಯ ಸೆಕೆಯಲ್ಲಿ ಆರು ಗಜದ ಸೀರೆಯೊಳಗೆ ಬೆಂದ ಗೃಹಿಣಿಗೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ದೊರೆತ ಅತ್ಯಂತ ದೊಡ್ಡ ದೈಹಿಕ ವಿಮೋಚನೆ ಯಾವುದೆಂದು ಕೇಳಿದರೆ ಉತ್ತರ ಅದೇ. ಮೊದಲು ಮಲಗುವ ಕೋಣೆಯಲ್ಲಿ, ಅನಂತರ ಅಡುಗೆಮನೆಯಲ್ಲಿ, ಆಮೇಲೆ ಬಾವಿಕಟ್ಟೆಯಲ್ಲಿ, ಕಟ್ಟಕಡೆಗೆ ಹೆಗಲ ಮೇಲೊಂದು ಟವೆಲು ಹಾಕಿಕೊಂಡು ಮೂಲೆಯ ಕಿರಾಣಿ ಅಂಗಡಿಯವರೆಗೆ ಅದು ಸಾಗಿಬಂದ ಹಾದಿಯಲ್ಲಿ ಪ್ರತಿಯೊಂದು ಮೊಳಕ್ಕೂ ಅತ್ತೆಯಂದಿರೊಡನೆ ಒಂದೊಂದು ಕದನ ನಡೆದಿದೆ. ಆಂಧ್ರದ ತೋಕಲಪಲ್ಲಿ ಎಂಬ ಗ್ರಾಮದಲ್ಲಿ 2018ರಲ್ಲಿ ಹಗಲು ಹೊತ್ತಿನಲ್ಲಿ ನೈಟಿ ಧರಿಸಿದ ಸ್ತ್ರೀಯರಿಗೆ ಹಿರಿಯರು ಎರಡು ಸಾವಿರ ರೂಪಾಯಿ ದಂಡವನ್ನು ಗೊತ್ತುಮಾಡಿದರೆಂದ ಮೇಲೆ, ಅದನ್ನು ಯಃಕಶ್ಚಿತ್ ವಸ್ತುವೆಂದು ಯಾರು ಹೇಳಿಯಾರು?

ನಿಯಮವನ್ನು ಮುರಿಯದೆಯೇ ಅದನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವ ಉಪಾಯಗಳೂ ಉಂಟು. ಹಿಂದಿನ ಕಾಲದ ದೊಡ್ಡ ಮನೆಗಳಲ್ಲಿ ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕಾಗಿದ್ದ ಅಪಮಾನವನ್ನು ಯಾರೂ ಕೊಂಡಾಡಬೇಕಾದುದಿಲ್ಲ. ಆದರೆ ಬೇಡದ ನೆಂಟರು ಹತ್ತು ಜನ ಬರುವರೆಂದು ತಿಳಿದ ಬೆಳಿಗ್ಗೆಯೇ ಕಾಗೆ ಮುಟ್ಟಿತೆಂದು ಹೇಳಿ ಚಾಪೆ ಹಾಸಿಕೊಂಡು ಹಿತ್ತಲ ಜಗಲಿಯಲ್ಲಿ ಕಾದಂಬರಿ ಓದಿದ ಸೊಸೆಯಂದಿರ ಕಥೆಗಳನ್ನು ಮುದುಕಿಯರು ಇಂದಿಗೂ ನಗುನಗುತ್ತ ಹೇಳುತ್ತಾರೆ. ದೇವರು ಮೈಮೇಲೆ ಬಂದಾಗ ಗಂಡನನ್ನೂ ಊರಗೌಡನನ್ನೂ ಏಕವಚನದಲ್ಲಿ ಬೈಯುವ ಅಧಿಕಾರ ಒಬ್ಬ ಕೂಲಿ ಹೆಂಗಸಿಗೆ ಅರ್ಧ ತಾಸಿನ ಮಟ್ಟಿಗೆ ಬರುತ್ತಿತ್ತು. ಇದನ್ನು ಸ್ವಾತಂತ್ರ್ಯವೆಂದು ಕರೆಯಲು ನನಗೆ ಸಂಕೋಚವಿದೆ. ಉಸಿರಾಡಲು ಸಿಕ್ಕ ಕಿಂಡಿ ಎನ್ನಬಹುದು.

ದೇಶದ ಸ್ವಾತಂ‌ತ್ರ್ಯ ಸಂಗ್ರಾಮವು ಈ ಸಣ್ಣ ಕಿಂಡಿಗಳನ್ನು ಒಮ್ಮೆಲೇ ಬಾಗಿಲಾಗಿ ತೆರೆಯಿತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದದ್ದು, ಮುಂದೆ ಅಂಕೋಲಾ ಮತ್ತು ಸಿದ್ದಾಪುರದ ರೈತರು ಭೂಕಂದಾಯ ಕೊಡುವುದಿಲ್ಲವೆಂದು ಹಟ ಹಿಡಿದು ಮನೆಮಠ ಕಳೆದುಕೊಂಡದ್ದು, ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಪಠ್ಯಪುಸ್ತಕಗಳಲ್ಲಿವೆ. ಉಪ್ಪು ಅಡುಗೆಮನೆಯ ಪದಾರ್ಥ. ರಾಜ್ಯಾಂಗದ ಸೂಕ್ಷ್ಮಗಳನ್ನು ಅರಿಯದ ಹೆಂಗಸಿಗೂ ಹಿಡಿ ಉಪ್ಪಿಗೆ ಸರಕಾರ ಸುಂಕ ಕೇಳುವ ಅನ್ಯಾಯ ಅರ್ಥವಾಗುತ್ತಿತ್ತು. ಗಂಡಸರು ಹಿಂಡಲಗಿ ಯರವಡಾಗಳ ಸೆರೆಮನೆಗಳಿಗೆ ಹೋದ ಮೇಲೆ ಪಾತ್ರೆ ಪಗಡಗಳನ್ನು ಜಪ್ತಿ ಮಾಡಲು ಬಂದ ಅಧಿಕಾರಿಗಳಿಗೆ ಬಾಗಿಲಲ್ಲಿ ಎದುರಾದವರು ಹೆಂಗಸರು. ನೆರೆಯ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯ ಕಡೆಯಲ್ಲಂತೂ, ಮುಟ್ಟುಗೋಲಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಸ್ತ್ರೀಯರು ಉಪವಾಸ ಕುಳಿತರು. ಇದರ ಮರ್ಮವನ್ನು ಸ್ವಲ್ಪ ಯೋಚಿಸಬೇಕು. ಉಪವಾಸವೆಂಬುದು ಆ ಮನೆತನಗಳ ಸ್ತ್ರೀಯರಿಗೆ ಏಕಾದಶಿ, ಸಂಕಷ್ಟಿಗಳಿಂದ ಅಭ್ಯಾಸವಾದ ಸಂಗತಿ. ಗಂಡನ ಆಯುಷ್ಯಕ್ಕಾಗಿ, ಮಕ್ಕಳ ಕ್ಷೇಮಕ್ಕಾಗಿ ಅವರು ಮಾಡುತ್ತ ಬಂದುದು ಅದನ್ನೇ. ಅದೇ ಹಸಿವನ್ನು ಎತ್ತಿಕೊಂಡು ಹೋಗಿ ಪರರ ಅಂಗಳದಲ್ಲಿ ಇಟ್ಟು ಕುಳಿತಾಗ ಮನೆಯೊಳಗೆ ಕೂತು ಊಟ ಮಾಡುವುದು ಆ ಯಜಮಾನನಿಗೆ ದುಸ್ತರವಾಯಿತು. ತಾವೂ ಸೆರೆಮನೆ ಸೇರಿ ಬಿಡುಗಡೆಯಾಗಿ ಬಂದ ಸತ್ಯಾಗ್ರಹಿ ಸ್ತ್ರೀಯರಿಗೆ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರರು ಆಶ್ರಯವಿತ್ತು, ಊರು ಸೇರಲು ದಾರಿಖರ್ಚನ್ನು ಕೊಟ್ಟು ಕಳುಹುತ್ತಿದ್ದರು.

ಆದರೆ ಸಂಗ್ರಾಮ ಮುಗಿದ ಮೇಲೆ? 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲ ಬಂದುದರಿಂದ ಮುಟ್ಟುಗೋಲಾಗಿದ್ದ ಜಮೀನುಗಳು ಮರಳಿ ದೊರೆತವು. ಖಾತೆ ಯಾರ ಹೆಸರಿನಲ್ಲಿತ್ತೋ ಅವರಿಗೆ, ಎಂದರೆ ಬಹುತೇಕ ಗಂಡಸರಿಗೆ. ಹೆಂಗಸರು ಒಳಗೆ ಹೋದರು. ದೇಶಕ್ಕಾಗಿ ಪೋಲೀಸರ ಮುಂದೆ ನಿಲ್ಲಲು ಅನುಮತಿ ಕೊಟ್ಟ ಮನೆ, ಮರುವರ್ಷ ಅವಳು ಒಬ್ಬಳೇ ಜಾತ್ರೆಗೆ ಹೋಗುತ್ತೇನೆಂದರೆ ಬೇಡವೆಂದಿತು. ಅನುಮತಿಯಿಂದ ದೊರೆತ ಬಂಡಾಯವು ಅನುಮತಿಯೊಡನೆಯೇ ಮುಗಿಯುತ್ತದೆ. ಅಲಗೇರಿಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಹಳ್ಳಿಹಳ್ಳಿಗೆ ಶಾಲೆಗಳನ್ನು ಒಯ್ದ ಮೇಲೆಯೇ, ಮನೆಯಿಂದ ದಿನವೂ ಹೊರಬೀಳುವ ಒಂದು ನಿರಂತರ ನೆಪ ರೈತರ ಹೆಣ್ಣುಮಕ್ಕಳಿಗೆ ದೊರೆಯಿತು.

ಅನುಮತಿಯಿಲ್ಲದ ಬಂಡಾಯಕ್ಕೆ ಅಂಕೋಲೆಯಲ್ಲಿಯೇ ಒಂದು ಉಜ್ವಲ ದೃಷ್ಟಾಂತವಿದೆ. ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ಜನರು ಹಾಲಕ್ಕಿಗಳ ಹಾಡುಹಕ್ಕಿಯೆಂದು ಬಲ್ಲರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದುದು ಆ ಹಾಡುಗಳಿಗಾಗಿ. ಆದರೆ ಬಡಗೇರಿಯ ಹೆಂಗಸರು ಅವರನ್ನು ನೆನೆಯುವುದು ಹಾಡಿಗಷ್ಟೇ ಅಲ್ಲ, ಸಾರಾಯಿಯ ವಿರುದ್ಧ ಅವರು ಎತ್ತಿದ ಧ್ವನಿಗೂ ಹೌದು. ಮದ್ಯವು ತನ್ನ ಮನೆಯನ್ನೇ ಬರಿದು ಮಾಡಿದುದನ್ನು ಕಂಡ ಆಕೆ ಅಕ್ಕಪಕ್ಕದ ಹೆಂಗಸರನ್ನು ಕೂಡಿಸಿಕೊಂಡು ಊರಿನಲ್ಲಿ ಸಾರಾಯಿ ಮಾರಕೂಡದೆಂದು ನಿಂತರು. ನಾಟಿಯ ಗದ್ದೆಯಲ್ಲಿ, ಮದುವೆಯ ಚಪ್ಪರದಲ್ಲಿ ಒಬ್ಬಳು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುವ ಪದ್ಧತಿ ಅವರಲ್ಲಿ ಮೊದಲೇ ಇತ್ತು. ಒಬ್ಬಳ ದುಃಖವನ್ನು ಹತ್ತು ಮಂದಿಯ ಬಾಯಿಂದ ಹೇಳಿಸುವ ಆ ಅಭ್ಯಾಸವಿಲ್ಲದಿದ್ದರೆ, ಅಕ್ಷರ ಬಾರದ ಒಬ್ಬ ವಿಧವೆಯ ಹಿಂದೆ ಸಾರಾಯಿ ಅಂಗಡಿಯವರೆಗೆ ಅಷ್ಟು ಜನ ನಡೆದು ಬರುತ್ತಿರಲಿಲ್ಲವೆಂಬುದು ನನ್ನ ಊಹೆ. ರಾಜ್ಯ ಸರಕಾರವು ಸಾರಾಯಿಯನ್ನು ನಿಷೇಧಿಸಿದ್ದು 2007ರ ಜುಲೈ 1ರಂದು. ಬಡಗೇರಿಯ ಹೆಂಗಸರು ಅದಕ್ಕೆ ವರ್ಷಗಟ್ಟಲೆ ಮುಂಚೆಯೇ ನಿಷೇಧಿಸಹೊರಟಿದ್ದರು. ಸುಕ್ರಿಯಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ತುಳಸಿ ಗೌಡರು ಅದಕ್ಕೆ ಎರಡು ತಿಂಗಳ ಹಿಂದೆ, 2024ರ ಡಿಸೆಂಬರಿನಲ್ಲಿ. ಒಬ್ಬರನ್ನು ಕೋಗಿಲೆಯೆಂದೂ ಮತ್ತೊಬ್ಬರನ್ನು ವೃಕ್ಷದೇವತೆಯೆಂದೂ ಪತ್ರಿಕೆಗಳು ಬಣ್ಣಿಸಿದವು. ಬಣ್ಣನೆಯಲ್ಲಿ ಪ್ರೀತಿಯಿದೆ, ಅಪಾಯವೂ ಇದೆ. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದವಳನ್ನು ದೇವತೆ ಮಾಡಿಬಿಟ್ಟರೆ ಆಕೆಯ ಕೂಲಿ ಎಷ್ಟಿತ್ತೆಂದು ಕೇಳುವುದು ಅಪಚಾರವಾಗುತ್ತದೆ.

ಇಂಥ ಸಣ್ಣ ಪ್ರತಿರೋಧಗಳನ್ನು ಲೋಕದ ವಿದ್ವಾಂಸರು ಗಮನಿಸದೆ ಇಲ್ಲ. ಮಲೇಶಿಯಾದ ಒಂದು ಭತ್ತದ ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದ ಜೇಮ್ಸ್ ಸ್ಕಾಟ್ ಎಂಬ ಅಮೆರಿಕದ ಪಂಡಿತರು 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೈಗಳ್ಳತನ, ಸುಳ್ಳು, ಚಾಡಿ, ತಿಳಿಯದಂತೆ ನಟಿಸುವುದು ಮುಂತಾದುವೇ ದುರ್ಬಲರ ಆಯುಧಗಳೆಂದು ವಾದಿಸಿದರು. ಈಜಿಪ್ತಿನ ಅರಬ್ಬೀ ಅಲೆಮಾರಿ ಸ್ತ್ರೀಯರ ನಡುವೆ ಬಾಳಿ ಅವರ ಕವಿತೆಗಳನ್ನು ಸಂಗ್ರಹಿಸಿದ ಲೀಲಾ ಅಬು-ಲುಘೋದ್ ಎಂಬ ವಿದುಷಿಯು ಮೊದಲು ಇದೇ ಜಾಡಿನಲ್ಲಿ ನಡೆದು, ಅನಂತರ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಎಲ್ಲೆಡೆ ಪ್ರತಿರೋಧವನ್ನು ಕಂಡು ಹಿಗ್ಗುವುದಕ್ಕಿಂತ, ಆ ಪ್ರತಿರೋಧ ಎಲ್ಲಿ ಹುಟ್ಟಿತೆಂಬುದರಿಂದ ಅಧಿಕಾರ ಎಲ್ಲಿ ಕುಳಿತಿದೆಯೆಂದು ಕಂಡುಹಿಡಿಯಿರಿ ಎಂದು. ಈ ಎರಡನೆಯ ಮಾತು ನಮ್ಮ ಕರಾವಳಿಗೆ ಹೆಚ್ಚು ಒಪ್ಪುತ್ತದೆ. ಸೆರಗಿನಲ್ಲಿ ಗಂಟು ಇದೆಯೆಂದರೆ ಪೆಟ್ಟಿಗೆಯ ಕೀಲಿ ಬೇರೊಬ್ಬರ ಕೈಯಲ್ಲಿದೆಯೆಂದೇ ಅರ್ಥ.

ಕೀಲಿ ಸ್ವಲ್ಪವಾದರೂ ಕೈ ಬದಲಾಯಿಸಿದ ಸಂದರ್ಭ ಇತ್ತೀಚಿನದು. 2023ರ ಜೂನ್ 11ರಂದು ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣ ಪ್ರಾರಂಭವಾದಾಗ ಅದರ ಆರ್ಥಿಕ ಗುಣದೋಷಗಳ ಚರ್ಚೆ ಸಾಕಷ್ಟು ನಡೆಯಿತು. ಕಾರವಾರ-ಅಂಕೋಲೆಯ ಬಸ್ಸಿನಲ್ಲಿ ಕುಳಿತು ನೋಡಿದವರಿಗೆ ಬೇರೊಂದು ಕಾಣಿಸಿತು. ಅವರ್ಸೆಯಲ್ಲಿ ಹತ್ತಿದ ಒಬ್ಬ ಹಿರಿಯ ಹೆಂಗಸಿನ ಕೈಯಲ್ಲಿ ಹರಿವೆಯ ಬುಟ್ಟಿಯೂ ಇರಲಿಲ್ಲ, ಅಬ್ಬಲಿಗೆಯ ದಂಡೆಯೂ ಇರಲಿಲ್ಲ, ಬರಿಗೈ. ದಿನವೂ ಎಲ್ಲಿಗೆ ಹೊರಟೆಯಮ್ಮಾ ಎಂದು ತರುಣ ಕಂಡಕ್ಟರ್ ತುಸು ವ್ಯಂಗ್ಯದಿಂದಲೇ ಕೇಳಿದ. ಆಕೆ ಪ್ಲಾಸ್ಟಿಕ್ ಕವಚದಲ್ಲಿ ಸುತ್ತಿಟ್ಟ ಆಧಾರ್ ಕಾರ್ಡನ್ನು ಸಂಚಿಯಿಂದ ತೆಗೆದು ಚಾಚಿ, “ನಾ ಎಲ್ಲಿಗಾದ್ರೂ ಹೋಗ್ತೆ ತಮಾ, ನೀ ಚೀಟಿ ಕೊಡು” ಎಂದಳು. ಮೀನಿಗಾಗಿ, ಕೂಲಿಗಾಗಿ, ಬಾಣಂತನಕ್ಕಾಗಿ, ಸಾವಿಗಾಗಿ ಪ್ರಯಾಣ ಮಾಡಿದ ಹೆಂಗಸರು ನಮ್ಮಲ್ಲಿ ಎಲ್ಲ ಕಾಲಕ್ಕೂ ಇದ್ದರು; ಕಾರಣ ಹೇಳದೆ ಹೊರಟವಳು ಹೊಸಬಳು.

ಊರೇ ಎದ್ದು ನಿಂತ ಸಂದರ್ಭಗಳಲ್ಲಿಯೂ ಇವರೇ ಮುಂದಿದ್ದರು. 2020ರ ಜನವರಿಯಲ್ಲಿ ಕಾರವಾರದ ಬಂದರು ವಿಸ್ತರಣೆಯಿಂದ ಠಾಕೂರ ಕಡಲತೀರವೇ ಕೈಬಿಟ್ಟು ಹೋದೀತೆಂದು ಮೀನುಗಾರರು ಎದ್ದಾಗಲೂ, 2025ರ ಫೆಬ್ರುವರಿಯಲ್ಲಿ ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರಿನ ವಿರುದ್ಧ ಪ್ರತಿಭಟನೆ ನಡೆದಾಗಲೂ ಮೀನುಗಾರ ಸ್ತ್ರೀಯರು ಪೋಲೀಸರಿಗೆ ಎದುರಾಗಿ ನಿಂತರು. ಇವು ಸಣ್ಣ ಕೃತ್ಯಗಳಲ್ಲವಾದ್ದರಿಂದ ನನ್ನ ವಿಷಯದ ಎಲ್ಲೆಯ ಹೊರಗಿವೆ. ಮೂವತ್ತು ವರ್ಷ ಹರಾಜಿನಲ್ಲಿ ಗಂಡಸರ ನಡುವೆ ಕೂಗಿದವಳಿಗೆ ಅಧಿಕಾರಿಯ ಮುಂದೆ ಕೂಗಲು ಪ್ರತ್ಯೇಕ ಶಿಕ್ಷಣ ಬೇಕಾಗದೆಂದಷ್ಟು ಹೇಳಿ ಮುಂದೆ ಸಾಗುತ್ತೇನೆ.

ಸಣ್ಣ ಬಂಡಾಯವು ಇನ್ನೂ ಸಲೀಸಾಗಿ ಪ್ರವೇಶಿಸಲಾರದ ಸ್ಥಳವೊಂದಿದೆ. ಅದು ನೋಂದಣಿ ಕಚೇರಿ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನವಾದ ಹಕ್ಕನ್ನು ಕರ್ನಾಟಕವು 1994ರಲ್ಲಿಯೂ ಕೇಂದ್ರ ಸರಕಾರವು 2005ರಲ್ಲಿಯೂ ಶಾಸನದಿಂದ ಒಪ್ಪಿದವು. ಶಾಸನ ಬಂದುದರ ಮೊದಲ ಫಲವಾಗಿ ಅಣ್ಣತಮ್ಮಂದಿರು ಸಹೋದರಿಯರ ಮನೆಗೆ ಹಕ್ಕು ಬಿಡುಗಡೆಯ ಪತ್ರಗಳನ್ನು ಹಿಡಿದು ಬಂದರು. ಹೆದ್ದಾರಿಯನ್ನು ಚತುಷ್ಪಥ ಮಾಡಲು ಭೂಮಿ ಹೋಗಿ ಪರಿಹಾರದ ಹಣ ಬರುವ ಹೊತ್ತಿಗಂತೂ, ಇಪ್ಪತ್ತು ವರ್ಷ ತವರನ್ನು ಕಾಣದ ಅಕ್ಕಂದಿರ ರುಜುವಿಗೂ ಬೆಲೆ ಬಂತು. ರುಜು ಹಾಕಿದರೆ ಚೌತಿಗೆ ಕರೆ, ಸೀರೆ, ಅರಿಶಿನ ಕುಂಕುಮ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚಿದಂತೆಯೇ. ಮೀನುಪೇಟೆಯಲ್ಲಿ ಯಾರಿಗೂ ಹೆದರದವಳು ಇಲ್ಲಿ ತಲೆತಗ್ಗಿಸಿ ಹೆಬ್ಬೆಟ್ಟು ಒತ್ತುತ್ತಾಳೆ, ಮತ್ತು ಅದನ್ನು ಪ್ರೀತಿಯೆಂದೇ ಕರೆಯುತ್ತಾಳೆ. ಅದು ಸುಳ್ಳೂ ಅಲ್ಲ.

ಅಂಕೋಲೆಯ ಕಡೆಯ ಒಬ್ಬಾಕೆ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಕಾರು ಮಾಡಿಕೊಂಡು ಕಚೇರಿಗೆ ಕರೆದೊಯ್ಯಲು ಬಂದ ಅಣ್ಣನಿಗೆ ಚಹಾ ಕೊಟ್ಟು, ಪತ್ರವನ್ನು ಇಲ್ಲಿಯೇ ಬಿಟ್ಟು ಹೋಗು, ಓದಿ ನೋಡಿ ಹೇಳುತ್ತೇನೆ ಎಂದಳಂತೆ. ಬೇಡವೆನ್ನಲಿಲ್ಲ, ಪಾಲು ಕೇಳಲಿಲ್ಲ. ಅಣ್ಣನಿಗೆ ಸಿಟ್ಟು ಬಂತು, ಓದುವುದೇನಿದೆ ಅದರಲ್ಲಿ ಎಂದು ಎರಡು ಸಲ ಕೇಳಿ ಕಾರು ತಿರುಗಿಸಿದ. ಆಮೇಲೆ ಎರಡು ಚೌತಿಗಳು ಕಳೆದವು, ಎರಡಕ್ಕೂ ಅಣ್ಣನೇ ಬಂದು ಕರೆದ, ಆಕೆ ಹೋಗಿಬಂದಳು, ಹೋದಾಗಲೆಲ್ಲ ಅತ್ತಿಗೆ ಓದಿ ಆಯಿತೇ ಎಂದು ಕೇಳಿದಳು. ಇನ್ನೂ ಓದುತ್ತಿದ್ದಾಳಂತೆ.